ನಮ್ಮ ಗಲ್ಲಿಯಲ್ಲಿ ಮನೆ ಖಾಲಿ ಇದೆ

ಬೇಡಿಕೆಯ ನಿಯಮ ಬರೆಯುವಾಗ ‘ಇತರ ಅಂಶಗಳು ಸ್ಥಿರವಾಗಿದ್ದರೆ’ ಎಂದು ಸೇರಿಸದಿದ್ದರೆ ಅಂಕ ಹೋಗುತ್ತದೆ. ನಮ್ಮ ಅರ್ಥಶಾಸ್ತ್ರದ ಮೇಡಂ ಈ ಮಾತನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಒಂದು ದಿನ ಅವರು ಆ ‘ಇತರ ಅಂಶ’ಗಳಲ್ಲಿ ಒಂದಾದ ನಿರೀಕ್ಷೆಯ ಬಗ್ಗೆ ಪಾಠ ಮಾಡುತ್ತಿದ್ದರು. ನಾಳೆ ಬೆಲೆ ಇಳಿಯುತ್ತದೆ ಎಂದು ಎಲ್ಲರೂ ನಂಬಿದರೆ ಇವತ್ತು ಯಾರೂ ಕೊಳ್ಳುವುದಿಲ್ಲ, ಆಗ ಬೆಲೆ ನಿಜಕ್ಕೂ ಇಳಿಯುತ್ತದೆ. ಉದಾಹರಣೆ ಕೊಡಿ ಎಂದಾಗ ಯಾರೋ ಚಿನ್ನ ಎಂದರು, ಯಾರೋ ಈರುಳ್ಳಿ ಎಂದರು. ನನ್ನ ಬಾಯಿಂದ ‘ಮನೆ’ ಎಂದು ಬಂತು. ಅದು ಹೇಗೆ ಎಂದು ಮೇಡಂ ಕೇಳಿದಾಗ ನನಗೆ ಸರಿಯಾಗಿ ಹೇಳಲು ಆಗಲಿಲ್ಲ. ‘ಓದಿ, ವಿಚಾರಿಸಿ, ಬರೆದು ತನ್ನಿ’ ಎಂದರು. ಓದಬೇಕಾದ ಎರಡು ಹೆಸರನ್ನೂ ಕೊಟ್ಟರು. ಓದುವುದಕ್ಕಿಂತ ಮೊದಲು ನಾನು ನಮ್ಮ ಗಲ್ಲಿಯಲ್ಲೇ ವಿಚಾರಿಸಿದೆ.

ನಮ್ಮ ಗಲ್ಲಿಯಲ್ಲಿ 22 ಮನೆಗಳಿವೆ. ದಾದಿ ಮದುವೆಯಾಗಿ ಇಲ್ಲಿಗೆ ಬಂದಾಗ ಅರ್ಧ ನಮ್ಮವರು, ಅರ್ಧ ಹಿಂದೂಗಳು ಇದ್ದರಂತೆ. ಕಂಬಾರರ ಮನೆ, ಹೂವಿನವರ ಮನೆ, ಪೋಸ್ಟ್‌ಮ್ಯಾನ್ ಮನೆ, ಮೇಷ್ಟ್ರ ಮನೆ ಎಂದು ದಾದಿ ಈಗಲೂ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ‘ಹೂವಿನವರ ಮನೆಗೆ ಶೀರ್ ಖುರ್ಮಾ ಕೊಟ್ಟು ಬಾ’ ಎಂದರೆ ನಾನು ಹೋಗುವುದು ನನ್ನ ಖಾಲಾ ಮನೆಗೆ. ಅವರು ಆ ಮನೆ ಕೊಂಡು ಹತ್ತು ವರ್ಷವಾಯಿತು, ಹೆಸರು ಮಾತ್ರ ಬದಲಾಗಿಲ್ಲ. ಈಗ ಉಳಿದಿರುವುದು ಕಂಬಾರರ ಮನೆ ಒಂದೇ.

ಮೇಷ್ಟ್ರ ಮನೆ ನಮ್ಮ ಮನೆಗೆ ಅಂಟಿಕೊಂಡೇ ಇತ್ತು. ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಕನ್ನಡದ ಒತ್ತಕ್ಷರ ನನಗೆ ಬಂದದ್ದು ಅವರ ಜಗಲಿಯ ಮೇಲೆ. ನಾನು ಐದನೇ ತರಗತಿಯಲ್ಲಿದ್ದಾಗ ಅವರು ಮನೆ ಮಾರಿ ಊರಾಚೆಯ ಬಡಾವಣೆಗೆ ಹೋದರು. ಯಾಕೆ ಹೋದರು ಎಂದು ನಾನು ಈಗ ಕೇಳಿದಾಗ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು. ಮಗ ಚೆನ್ನಾಗಿ ಸಂಪಾದಿಸಿದ, ದೊಡ್ಡ ಮನೆ ಕಟ್ಟಿದ ಎಂದರು ಅಬ್ಬಾ. ಅವರಿಗೆ ನಮ್ಮ ನಡುವೆ ಇರುವುದು ಇಷ್ಟವಿರಲಿಲ್ಲ ಎಂದರು ಮೂಲೆಯ ಅಂಗಡಿಯವರು. ದಾದಿ ಮಾತ್ರ ‘ಬಿಟ್ಟು ಹೋದರು’ ಎಂದಷ್ಟೇ ಹೇಳಿ ಸುಮ್ಮನಾದರು. ಇಷ್ಟು ವರ್ಷದಲ್ಲಿ ಯಾರೂ ಮೇಷ್ಟ್ರನ್ನೇ ಕೇಳಿರಲಿಲ್ಲ. ನಾನು ಅಬ್ಬಾ ಫೋನಿನಿಂದ ಮಾಡಿದೆ.

‘ಅಜ್ಜ, ಒಂದು ವಿಷಯ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಇಲ್ಲಿಂದ ಯಾಕೆ ಹೋದ್ರಿ?’

ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಹೇಳಿದರು: ‘ನಿಮ್ಮ ಮನೆಯವರಿಂದ ನಮಗೆ ಒಂದು ದಿನ ತೊಂದರೆ ಆಗಿಲ್ಲಮ್ಮ. ಗೌರಿ ಹಬ್ಬಕ್ಕೆ ಬಾಗಿನ ಕೊಡೋಕೆ ಮುತ್ತೈದೆಯರು ಬೇಕಲ್ಲ. ಮೊದಲು ಗಲ್ಲಿಯಲ್ಲೇ ಐದಾರು ಮನೆ ಇದ್ವು. ಒಂದೊಂದೇ ಖಾಲಿಯಾಗಿ ಕೊನೆಗೆ ಎರಡು ಉಳಿದ್ವು. ಒಂದು ವರ್ಷ ನಿಮ್ಮಜ್ಜಿ ಮೊರ ಹಿಡ್ಕೊಂಡು ಆಟೋದಲ್ಲಿ ಹೋಗಿ ಬಂದಳು. ಆ ರಾತ್ರಿ ಹೋಗೋಣ ಅಂತ ತೀರ್ಮಾನ ಮಾಡಿದ್ವಿ. ಎಲ್ಲಾ ಮನೇನೂ ನಮ್ಮವರದೇ ಇರಬೇಕು ಅಂತ ನಾವು ಯಾವತ್ತೂ ಅಂದ್ಕೊಂಡಿರಲಿಲ್ಲ. ನಾಲ್ಕು ಮನೆ ಇದ್ದಿದ್ರೆ ಸಾಕಿತ್ತು.’

ಇದನ್ನು ದಾದಿಗೆ ಹೇಳಿದೆ. ‘ಹಾಗಂತ ಆವಾಗಲೇ ಹೇಳಬಾರದಿತ್ತಾ’ ಎಂದರು. ಹೇಳಿದ್ದರೆ ದಾದಿ ಏನು ಮಾಡುತ್ತಿದ್ದರೋ ನನಗೆ ಗೊತ್ತಿಲ್ಲ.

‘ನಾಲ್ಕು ಮನೆ ಸಾಕಿತ್ತು’ ಎಂಬ ಮಾತನ್ನು ಹಿಡಿದುಕೊಂಡು ಒಬ್ಬ ಅರ್ಥಶಾಸ್ತ್ರಜ್ಞ ಸಿದ್ಧಾಂತವನ್ನೇ ಕಟ್ಟಿದ್ದಾರೆ ಎಂದು ಆಮೇಲೆ ತಿಳಿಯಿತು. ಮೇಡಂ ಕೊಟ್ಟ ಮೊದಲ ಹೆಸರು ಅವರದೇ. ಥಾಮಸ್ ಶೆಲ್ಲಿಂಗ್, ಅಮೆರಿಕದವರು, 2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ರಾಬರ್ಟ್ ಔಮನ್ ಅವರೊಂದಿಗೆ ಹಂಚಿಕೊಂಡವರು. ಅಮೆರಿಕದ ಊರುಗಳಲ್ಲಿ ಬಿಳಿಯರ ಬೀದಿ ಬೇರೆ, ಕಪ್ಪು ಜನರ ಬೀದಿ ಬೇರೆ ಆಗಿರುವುದು ಹೇಗೆ ಎಂಬುದು ಅವರ ಪ್ರಶ್ನೆ. 1971ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಒಂದು ಆಟ ವಿವರಿಸಿದ್ದಾರೆ. ಅದಕ್ಕೆ ಕಂಪ್ಯೂಟರ್ ಬೇಡ. ಚೌಕಗಳ ಹಲಗೆ, ಎರಡು ಬಗೆಯ ನಾಣ್ಯ, ಒಂದು ನಿಯಮ ಇದ್ದರೆ ಸಾಕು.

ನಾನೂ ನನ್ನ ತಮ್ಮನೂ ಇದನ್ನು ಕ್ಯಾರಂ ಕಾಯಿಗಳಿಂದ ಆಡಿದೆವು. ಒಂದು ಸೆಟ್‌ನಲ್ಲಿ 9 ಕಪ್ಪು, 9 ಬಿಳಿ. ಸಾಲದ್ದಕ್ಕೆ ಕಂಬಾರರ ಮನೆಯಿಂದ ಇನ್ನೊಂದು ಸೆಟ್ ಕೇಳಿ ತಂದೆವು. ಡ್ರಾಯಿಂಗ್ ಶೀಟಿನ ಮೇಲೆ 64 ಚೌಕ ಹಾಕಿದೆವು. ಚದುರಂಗದ ಚೌಕಕ್ಕೆ ಕನ್ನಡದಲ್ಲಿ ‘ಮನೆ’ ಎಂದೇ ಹೆಸರು, ಆದ್ದರಿಂದ ಲೆಕ್ಕ ಹೇಳುವುದು ಸುಲಭ. 36 ಕಾಯಿಗಳನ್ನು ಕಪ್ಪು, ಬಿಳಿ ಬೆರಕೆಯಾಗಿ ಎಲ್ಲೆಂದರಲ್ಲಿ ಇಟ್ಟೆವು. 28 ಮನೆ ಖಾಲಿ ಉಳಿದವು. ಒಂದು ಕಾಯಿಯ ಸುತ್ತ ಮೂಲೆಗಳೂ ಸೇರಿ ಹೆಚ್ಚೆಂದರೆ ಎಂಟು ನೆರೆಮನೆ ಬರುತ್ತವೆ. ನಿಯಮ ಇಷ್ಟೇ: ಸುತ್ತ ಇರುವ ಕಾಯಿಗಳಲ್ಲಿ ಮೂರರಲ್ಲಿ ಒಂದು ಪಾಲಾದರೂ ತನ್ನ ಬಣ್ಣದ್ದಾಗಿರಬೇಕು. ಮೂರು ನೆರೆಯವರಿದ್ದರೆ ಒಬ್ಬರು, ಆರು ಇದ್ದರೆ ಇಬ್ಬರು. ಅಷ್ಟಿದ್ದರೆ ಆ ಕಾಯಿ ಅಲ್ಲೇ ಇರುತ್ತದೆ. ಕಡಿಮೆಯಾದರೆ ಎದ್ದು, ಅಷ್ಟು ಸಿಗುವ ಹತ್ತಿರದ ಖಾಲಿ ಮನೆಗೆ ಹೋಗುತ್ತದೆ.

ಈ ನಿಯಮವನ್ನು ಗಮನಿಸಿ ನೋಡಿ. ಇದರಲ್ಲಿ ದ್ವೇಷವಿಲ್ಲ. ಮೂರರಲ್ಲಿ ಎರಡು ಪಾಲು ಬೇರೆಯವರೇ ಇದ್ದರೂ ಈ ಕಾಯಿ ಸಂತೋಷವಾಗಿ ಇರುತ್ತದೆ. ಆದರೂ ನಾವು ಮೂರು ಸಲ ಆಡಿದಾಗ ಮೂರು ಸಲವೂ ಕಪ್ಪು ಕಾಯಿಗಳು ಒಂದೆರಡು ಗುಂಪಾಗಿ, ಬಿಳಿಯವು ಬೇರೆ ಗುಂಪಾಗಿ ಕೂತವು. ಕಾರಣ ಆಡುವಾಗಲೇ ಕಣ್ಣಿಗೆ ಕಾಣುತ್ತದೆ. ಒಂದು ಬಿಳಿ ಕಾಯಿ ಎದ್ದು ಹೋದರೆ ಅದರ ಪಕ್ಕದಲ್ಲಿದ್ದ ಇನ್ನೊಂದು ಬಿಳಿ ಕಾಯಿಗೆ ಒಬ್ಬ ನೆರೆಯವನು ಕಡಿಮೆಯಾದ. ಇಷ್ಟು ಹೊತ್ತು ಸರಿಯಾಗಿದ್ದ ಅದಕ್ಕೂ ಈಗ ಲೆಕ್ಕ ತಪ್ಪಿತು, ಅದೂ ಏಳುತ್ತದೆ. ಹೋದ ಕಾಯಿ ಸೇರಿದ ಕಡೆ ಅದರ ಬಣ್ಣ ಹೆಚ್ಚಾಗಿ, ಅಲ್ಲಿದ್ದ ಬೇರೆ ಬಣ್ಣದವರಿಗೆ ಲೆಕ್ಕ ತಪ್ಪುತ್ತದೆ. ‘ಇವನು ಯಾಕೆ ಹೋದ, ಚೆನ್ನಾಗೇ ಇದ್ದನಲ್ಲ’ ಎಂದು ತಮ್ಮ ಒಂದು ಕಾಯಿಯ ಬಗ್ಗೆ ಕೇಳಿದ. ನನಗೆ ಹೂವಿನವರು, ಪೋಸ್ಟ್‌ಮ್ಯಾನ್, ಮೇಷ್ಟ್ರು ಸಾಲಾಗಿ ನೆನಪಾದರು. ಮೇಷ್ಟ್ರು ಎದ್ದದ್ದು ನಮ್ಮ ಕಡೆ ನೋಡಿ ಅಲ್ಲ, ಖಾಲಿಯಾದ ಮನೆಗಳ ಕಡೆ ನೋಡಿ. ನಾವು ಮಾತ್ರ ಅವರು ನಮ್ಮನ್ನು ನೋಡಿ ಎದ್ದರು ಎಂದುಕೊಂಡೆವು.

ಇಷ್ಟನ್ನೇ ಬರೆದು ಕೊಟ್ಟರೆ ಮೇಡಂ ಒಪ್ಪುತ್ತಿದ್ದರೇನೋ. ಆದರೆ ಹಾಗೆ ಬರೆದರೆ ಯಾರದ್ದೂ ತಪ್ಪಿಲ್ಲ, ಎಲ್ಲಾ ತಾನಾಗಿ ಆಯಿತು ಎಂದಂತಾಗುತ್ತದೆ. ಕಾಯಿಗೆ ಇರುವ ಅನುಕೂಲ ಮನುಷ್ಯರಿಗೆ ಇಲ್ಲ. ಹಲಗೆಯ ಮೇಲೆ ಖಾಲಿ ಮನೆ ಕಂಡರೆ ಯಾವ ಕಾಯಿ ಬೇಕಾದರೂ ಹೋಗಿ ಕೂರಬಹುದು, ‘ನಿಮ್ಮ ಹೆಸರೇನು’ ಎಂದು ಯಾರೂ ಕೇಳುವುದಿಲ್ಲ. ನನ್ನ ಮಾಮು ಒಳ್ಳೆಯ ಸಂಬಳದ ಕೆಲಸದಲ್ಲಿದ್ದಾರೆ. ಕಳೆದ ವರ್ಷ ಆಫೀಸಿಗೆ ಹತ್ತಿರವಿರುವ ಹೊಸ ಬಡಾವಣೆಯಲ್ಲಿ ಎರಡು ತಿಂಗಳು ಬಾಡಿಗೆ ಮನೆ ಹುಡುಕಿದರು. ಫೋನಿನಲ್ಲಿ ಬಾಡಿಗೆ, ಅಡ್ವಾನ್ಸ್, ನೀರಿನ ವಿಷಯ ಎಲ್ಲಾ ಮುಗಿದ ಮೇಲೆ ಹೆಸರು ಕೇಳುತ್ತಿದ್ದರು. ಹೆಸರು ಹೇಳಿದ ಮೇಲೆ ಮನೆ ನಿನ್ನೆಯೇ ಹೋಗಿರುತ್ತಿತ್ತು. ಇದು ಮಾಮು ಒಬ್ಬರ ಅನುಭವವಲ್ಲ. ಮುಸ್ಲಿಮರ ಸ್ಥಿತಿಗತಿ ಕುರಿತು ಸಾಚಾರ್ ಸಮಿತಿ 2006ರಲ್ಲಿ ಕೊಟ್ಟ ವರದಿಯಲ್ಲೂ ಬಾಡಿಗೆಗೆ ಅಥವಾ ಕೊಳ್ಳಲು ಮನೆ ಸಿಗದ ಕಷ್ಟವನ್ನು ಜನ ಹೇಳಿಕೊಂಡದ್ದು ದಾಖಲಾಗಿದೆ. ಶೆಲ್ಲಿಂಗ್ ಕೂಡ ಇದನ್ನು ಮರೆತಿರಲಿಲ್ಲ. ಬೇಕೆಂದೇ ಸೇರಿ ಹೊರಗಿಡುವುದು ಒಂದು, ಹಣವಿರುವವರು ಇಲ್ಲದವರು ಎಂಬ ಅಂತರ ಇನ್ನೊಂದು, ತನ್ನ ಆಟ ಈ ಎರಡೂ ಅಲ್ಲದ ಮೂರನೆಯದನ್ನು ಮಾತ್ರ ತೋರಿಸುತ್ತದೆ ಎಂದು ಲೇಖನದ ಆರಂಭದಲ್ಲೇ ಬೇರೆ ಮಾಡಿದ್ದಾರೆ.

ಮಾಮು ಕೊನೆಗೆ ನಮ್ಮ ಮೊಹಲ್ಲಾದಲ್ಲೇ ಮನೆ ಹಿಡಿದರು. ಇಲ್ಲಿ ವಾಣಿಜ್ಯ ವಿಭಾಗದವರು ಒಂದು ಚಿತ್ರ ಬರೆದು ನೋಡಬಹುದು. ಊರಿನಲ್ಲಿ ಮನೆಗಳು ಎಷ್ಟೇ ಇರಲಿ, ಒಂದು ಸಮುದಾಯದವರಿಗೆ ಸಿಗುವ ಮನೆಗಳು ಕೆಲವೇ ಬೀದಿಗಳಲ್ಲಿದ್ದರೆ ಅವರ ಪಾಲಿಗೆ ಪೂರೈಕೆ ಅಷ್ಟೇ. ಕುಟುಂಬಗಳು ಹೆಚ್ಚುತ್ತವೆ, ಮನೆಗಳು ಹೆಚ್ಚುವುದಿಲ್ಲ, ಬಾಡಿಗೆ ಏರುತ್ತದೆ. ಹೊರಗಿನಿಂದ ನೋಡುವವರಿಗೆ ‘ಅವರೆಲ್ಲಾ ಒಂದೇ ಕಡೆ ಸೇರಿಕೊಳ್ಳುತ್ತಾರೆ’ ಎಂದು ಕಾಣುತ್ತದೆ. ಒಳಗಿರುವವರು ಕಿರಿದಾದ ಮನೆಗೆ ಹೆಚ್ಚು ಬಾಡಿಗೆ ಕೊಡುತ್ತಿರುತ್ತಾರೆ.

ಅಮೆರಿಕದಲ್ಲಿ ಇದೇ ಲೆಕ್ಕದಿಂದ ಕೆಲವು ದಲ್ಲಾಳಿಗಳು ಹಣ ಮಾಡಿದರು. 1950 ಮತ್ತು 60ರ ದಶಕದ ಶಿಕಾಗೋದಲ್ಲಿ ಅವರು ಬಿಳಿಯರ ಬೀದಿಗೆ ಹೋಗಿ ‘ಕಪ್ಪು ಜನ ಬರುತ್ತಿದ್ದಾರೆ, ಬೆಲೆ ಬೀಳುವ ಮುಂಚೆ ಮಾರಿ’ ಎಂದು ಹೆದರಿಸುತ್ತಿದ್ದರು. ಹೆದರಿದವರಿಂದ ಅಗ್ಗಕ್ಕೆ ಕೊಂಡು, ಬೇರೆ ಕಡೆ ಮನೆ ಸಿಗದ ಕಪ್ಪು ಕುಟುಂಬಗಳಿಗೆ ಅದೇ ಮನೆಯನ್ನು ದುಬಾರಿ ಬೆಲೆಗೆ ಕಂತಿನ ಮೇಲೆ ಮಾರುತ್ತಿದ್ದರು. ಕಂತು ತಪ್ಪಿದರೆ ಮನೆಯೂ ಇಲ್ಲ, ಕಟ್ಟಿದ ಹಣವೂ ಇಲ್ಲ. ಮಾರಿದವರೂ ಕೊಂಡವರೂ ಇಬ್ಬರೂ ಕಳೆದುಕೊಂಡರು. ಆದರೆ ಅವರು ಬೈದದ್ದು ಒಬ್ಬರನ್ನೊಬ್ಬರನ್ನು.

ಮೇಡಂ ಹೇಳಿದ ಎರಡನೆಯ ಹೆಸರು ಒಂದು ಬಡಾವಣೆಯದು, ಲೆವಿಟೌನ್. ಅದು ಪೆನ್ಸಿಲ್ವೇನಿಯಾ ರಾಜ್ಯದಲ್ಲಿದೆ. 1952ರಿಂದ 1958ರವರೆಗೆ ಒಂದೇ ಕಂಪನಿ ಅಲ್ಲಿ 17,311 ಮನೆಗಳನ್ನು ಕಟ್ಟಿತು. ಯುದ್ಧ ಮುಗಿಸಿ ಬಂದ ಸೈನಿಕರು, ಕಾರ್ಖಾನೆ ಕೆಲಸಗಾರರು ಸಾಲ ಮಾಡಿ ಕೊಳ್ಳಬಹುದಾದ ಮನೆಗಳು. ಆದರೆ ಕಂಪನಿ ಕಪ್ಪು ಜನರಿಗೆ ಮಾರುತ್ತಿರಲಿಲ್ಲ. 1957ರ ಆಗಸ್ಟ್‌ನಲ್ಲಿ ಬಿಲ್ ಮತ್ತು ಡೇಸಿ ಮೈಯರ್ಸ್ ಎಂಬ ಕಪ್ಪು ದಂಪತಿ ಮೊದಲ ಮಾಲೀಕರಿಂದಲೇ ನೇರವಾಗಿ ಒಂದು ಮನೆ ಕೊಂಡು ಬಂದರು. ಬಿಲ್ ಸೈನ್ಯದಲ್ಲಿ ಸೇವೆ ಮಾಡಿದ್ದವರು, ಡೇಸಿ ಶಿಕ್ಷಕಿ. ಮೂವರು ಮಕ್ಕಳಲ್ಲಿ ಒಂದು ಕೈಗೂಸು. ಸುದ್ದಿ ಹರಡಿದ ದಿನವೇ ಮನೆಯ ಮುಂದೆ ನೂರಾರು ಜನ ಸೇರಿದರು. ಮುಂದಿನ ದಿನಗಳಲ್ಲಿ ಕಲ್ಲು ಬಿದ್ದು ಕಿಟಕಿ ಒಡೆಯಿತು, ಒಬ್ಬ ಪೊಲೀಸ್ ಅಧಿಕಾರಿಗೆ ಕಲ್ಲೇಟಾಯಿತು, ರಾಜ್ಯ ಪೊಲೀಸರು ಬರಬೇಕಾಯಿತು.

ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಕಲ್ಲಿಗಿಂತ ಆ ಬೀದಿಯ ಜನ ಆಡಿದ ಮಾತುಗಳು. ಆ ಮನುಷ್ಯ ಒಳ್ಳೆಯವನೇ ಇರಬಹುದು, ಆದರೆ ಅವನನ್ನು ನೋಡಿದಾಗಲೆಲ್ಲಾ ನನ್ನ ಮನೆಯ ಬೆಲೆಯಲ್ಲಿ ಎರಡು ಸಾವಿರ ಡಾಲರ್ ಕಡಿಮೆಯಾದಂತೆ ಕಾಣುತ್ತದೆ ಎಂಬ ಅರ್ಥದಲ್ಲಿ ಒಬ್ಬ ನಿವಾಸಿ ಹೇಳಿದ್ದ. ಮೈಯರ್ಸ್ ಕೊಂಡ ಮನೆಯ ಬೆಲೆ 12,000 ಡಾಲರ್ ಆಸುಪಾಸು. ಎರಡು ಸಾವಿರ ಅಂದರೆ ಆರರಲ್ಲಿ ಒಂದು ಪಾಲು. ಅವನು ತನ್ನ ನೆರೆಯವನ ಮುಖವನ್ನು ನೋಡುತ್ತಲೇ ಇರಲಿಲ್ಲ, ಲೆಡ್ಜರ್ ನೋಡುತ್ತಿದ್ದ. ಅದೂ ತಾನು ಮೈಯರ್ಸ್ ಬಗ್ಗೆ ಏನು ಅಂದುಕೊಂಡಿದ್ದೇನೆ ಎಂಬುದರ ಲೆಕ್ಕವಲ್ಲ, ಉಳಿದ ಬಿಳಿಯರು ಏನು ಮಾಡಬಹುದು ಎಂಬ ಊಹೆಯ ಲೆಕ್ಕ. ಇದೇ ನಮ್ಮ ಪಾಠದ ‘ನಿರೀಕ್ಷೆ’.

ಆ ಊಹೆ ನಿಜವೇ? ಲುಯಿಗಿ ಲಾರೆಂಟಿ ಎಂಬ ಸಂಶೋಧಕರು ಸ್ಯಾನ್ ಫ್ರಾನ್ಸಿಸ್ಕೋ, ಓಕ್‌ಲ್ಯಾಂಡ್, ಫಿಲಡೆಲ್ಫಿಯಾ ನಗರಗಳ ಮನೆ ಮಾರಾಟದ ದಾಖಲೆ ನೋಡಿ 1960ರಲ್ಲಿ ಒಂದು ಪುಸ್ತಕ ತಂದರು. ಬಿಳಿಯರಲ್ಲದವರು ಬಂದ ಬೀದಿಗಳನ್ನು, ಬಾರದೆ ಇದ್ದ ಅಂಥದೇ ಬೀದಿಗಳೊಂದಿಗೆ ಹೋಲಿಸಿದರು. ಶೇಕಡ 85ರಷ್ಟು ಹೋಲಿಕೆಗಳಲ್ಲಿ ಬೆಲೆ ಸಮನಾಗಿತ್ತು ಅಥವಾ ಹೆಚ್ಚಾಗಿತ್ತು. ಬಿದ್ದದ್ದು ಉಳಿದ 15ರಲ್ಲಿ ಮಾತ್ರ. ನಮ್ಮ ಚಿತ್ರದಿಂದಲೇ ಇದು ಅರ್ಥವಾಗುತ್ತದೆ. ಬೇರೆಲ್ಲೂ ಮನೆ ಸಿಗದವರಿಗೆ ಒಂದು ಬೀದಿ ತೆರೆದರೆ ಅಲ್ಲಿ ಬೇಡಿಕೆ ಹೆಚ್ಚುತ್ತದೆ. ಎಲ್ಲರೂ ಹೆದರಿ ಒಂದೇ ತಿಂಗಳಲ್ಲಿ ಮಾರಲು ಹೊರಟರೆ ಮಾತ್ರ ಬೀಳುತ್ತದೆ.

ಲೆವಿಟೌನ್‌ನಲ್ಲಿ ಎಲ್ಲರೂ ಕಲ್ಲು ಎತ್ತಿಕೊಳ್ಳಲಿಲ್ಲ. ಪಕ್ಕದ ಮನೆಯ ಯಹೂದಿ ಕುಟುಂಬ, ವೆಕ್ಸ್‌ಲರ್ ಅವರದು, ಮೈಯರ್ಸ್ ಜೊತೆ ನಿಂತಿತು. ಅದಕ್ಕಾಗಿ ಅವರ ಗೋಡೆಯ ಮೇಲೂ ಬೆದರಿಕೆಯ ಅಕ್ಷರ ಬರೆದರು. ಕೆಲವರು ಬಂದು ಮಕ್ಕಳನ್ನು ನೋಡಿಕೊಂಡರು, ಹುಲ್ಲು ಕತ್ತರಿಸಿಕೊಟ್ಟರು. ಕೊನೆಗೆ ಕೋರ್ಟು ಕಾಟ ಕೊಡುವವರನ್ನು ತಡೆಯಿತು. ಮರುವರ್ಷ ಇನ್ನೊಂದು ಕಪ್ಪು ಕುಟುಂಬ ಬಂದಾಗ ಅಂಥ ಗಲಾಟೆ ಆಗಲಿಲ್ಲ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಜನಾಂಗ, ಧರ್ಮ ನೋಡಬಾರದು ಎಂಬ ಕಾನೂನು ಆ ದೇಶದಲ್ಲಿ 1968ರಲ್ಲಿ ಬಂತು. ಮೈಯರ್ಸ್ ಕುಟುಂಬ ಅದಕ್ಕೆ ಮೊದಲೇ, 1961ರಲ್ಲಿ, ಲೆವಿಟೌನ್ ಬಿಟ್ಟಿತ್ತು.

ನೆರೆಯವರ ವಿಷಯ ಬಂದಾಗ ನಮ್ಮ ಮನೆಗಳಲ್ಲಿ ಹದೀಸ್ ಹೇಳದವರಿಲ್ಲ. ನೆರೆಯವರ ಹಕ್ಕನ್ನು ಜಿಬ್ರೀಲ್ ಎಷ್ಟು ಸಲ ಒತ್ತಿ ಹೇಳಿದರೆಂದರೆ, ನೆರೆಯವನಿಗೆ ಆಸ್ತಿಯಲ್ಲೂ ಪಾಲು ಕೊಡಬೇಕಾಗುತ್ತದೇನೋ ಎಂದು ಪ್ರವಾದಿಯವರಿಗೆ (ಸ) ಅನಿಸಿತಂತೆ. ಮೇಷ್ಟ್ರು ಮನೆ ಮಾರುವಾಗ ಮೊದಲು ನಮ್ಮ ದಾದಾ ಹತ್ತಿರ ಬಂದು ‘ನಿಮಗೆ ಬೇಕಾ, ಆಮೇಲೆ ಹೊರಗೆ ಹೇಳ್ತೀನಿ’ ಎಂದಿದ್ದರಂತೆ. ಪಕ್ಕದ ಮನೆಯವನಿಗೆ ಮೊದಲು ಕೊಳ್ಳುವ ಹಕ್ಕು ಎಂಬುದು ಹನಫಿ ಫಿಖ್ಹ್‌ನಲ್ಲಿ ಇದೆ, ಅದಕ್ಕೆ ಶುಫಾ ಎನ್ನುತ್ತಾರೆ. ಬರೀ ಪಕ್ಕದ ಮನೆಯವನು ಎಂಬ ಕಾರಣಕ್ಕೆ ಆ ಹಕ್ಕು ಕೊಡುವುದು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1962ರಲ್ಲಿ ಹೇಳಿತು. ಮೇಷ್ಟ್ರಿಗೆ ಇದೆರಡೂ ಗೊತ್ತಿರಲಿಕ್ಕಿಲ್ಲ, ಅವರು ಕೇಳಿದ್ದು ವಾಡಿಕೆಯಿಂದ. ದಾದಾ ಹತ್ತಿರ ಅಷ್ಟು ಹಣವಿರಲಿಲ್ಲ. ಕುರ್‌ಆನ್‌ನ ಸೂರಃ ಅನ್ನಿಸಾದಲ್ಲಿ ಬಂಧುವಾದ ನೆರೆಯವರನ್ನೂ ಅಪರಿಚಿತರಾದ ನೆರೆಯವರನ್ನೂ ಬೇರೆ ಬೇರೆಯಾಗಿ ಹೆಸರಿಸಿ, ಇಬ್ಬರಿಗೂ ಒಳಿತು ಮಾಡಲು ಹೇಳಿದೆ. ಎಲ್ಲರೂ ಖಾಲಾ, ಮಾಮು ಆಗಿರುವ ಗಲ್ಲಿಯಲ್ಲಿ ಎರಡನೆಯವರಿಗೆ ಒಳಿತು ಮಾಡುವುದು ಹೇಗೆ ಎಂದು ನಾನು ಅಬ್ಬಾರನ್ನು ಕೇಳಿದೆ. ಅವರಿಗೆ ಸ್ವಲ್ಪ ಸಿಟ್ಟು ಬಂತು. ಕಾರಣ ಇದೆ.

ನಮ್ಮ ಮಹಡಿಯ ಮನೆ ಎರಡು ತಿಂಗಳಿಂದ ಖಾಲಿ ಇದೆ. ಬಾಗಿಲಿಗೆ ಬೋರ್ಡ್ ಹಾಕಿದ್ದೇವೆ. ಹತ್ತಿರದ ಆಸ್ಪತ್ರೆಯ ಒಬ್ಬ ನರ್ಸ್ ಮತ್ತು ಅವರ ತಾಯಿ ಬಂದು ನೋಡಿದರು. ಕೊಪ್ಪಳ ಕಡೆಯವರು, ಮಾಂಸ ತಿನ್ನದವರು. ರಾತ್ರಿ ಪಾಳಿ ಮುಗಿಸಿ ನಡೆದೇ ಬರಬಹುದಾದ ಮನೆ ಅವರಿಗೆ ಬೇಕಿತ್ತು. ಬಾಡಿಗೆ ಒಪ್ಪಿಗೆಯಾಯಿತು. ಅವರು ಹೋದ ಮೇಲೆ ಅಮ್ಮಿ ‘ಬಕ್ರೀದ್ ದಿನ ಅವರಿಗೆ ಹೇಗಾಗುತ್ತೋ’ ಎಂದು ಶುರುಮಾಡಿದರು. ಸಂಜೆ ಗಲ್ಲಿಯ ಹಿರಿಯರೊಬ್ಬರು ಬಂದು ಅಬ್ಬಾಗೆ ಹೇಳಿದ್ದು ಇನ್ನೂ ಕಷ್ಟದ ಮಾತು: ‘ಹೊರಗೆ ನಮ್ಮ ಹುಡುಗರಿಗೆ ಯಾರೂ ಮನೆ ಕೊಡಲ್ಲ. ಇರೋ ನಾಲ್ಕು ಮನೆನೂ ನೀವು ಬೇರೆಯವರಿಗೆ ಕೊಟ್ಟರೆ ನಮ್ಮವರು ಎಲ್ಲಿಗೆ ಹೋಗಬೇಕು?’ ಮಾಮು ಎರಡು ತಿಂಗಳು ಅಲೆದದ್ದನ್ನು ನೋಡಿದ ನನಗೆ ಇದು ಸುಳ್ಳು ಎನ್ನಲಾಗಲಿಲ್ಲ. ಆದರೆ ಇದೇ ಮಾತನ್ನು ಹೊಸ ಬಡಾವಣೆಯವರೂ ತಮ್ಮ ಲೆಕ್ಕದಲ್ಲಿ ಆಡಿರುತ್ತಾರಲ್ಲ. ಹಾಗೆಂದು ಎರಡೂ ಒಂದೇ ತೂಕದ್ದೂ ಅಲ್ಲ. ಒಬ್ಬರಿಗೆ ಊರೆಲ್ಲಾ ಮನೆ ಇವೆ, ಇನ್ನೊಬ್ಬರಿಗೆ ಕೆಲವೇ ಗಲ್ಲಿ.

ನಾನು ಡ್ರಾಯಿಂಗ್ ಶೀಟ್ ತಂದು ಅಬ್ಬಾ ಮುಂದೆ ಹಾಸಿ ಆಟ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ‘ಈ ಕಾಯಿಗಳಿಗೆ ಬಾಡಿಗೆ ಬಾಕಿ ಇರೋದಿಲ್ಲ’ ಎಂದು ಎದ್ದು ಹೋದರು. ಆದರೆ ರಾತ್ರಿ ಆ ತಾಯಿಗೆ ಫೋನ್ ಮಾಡಿ ಮನೆ ಕೊಡಲು ಒಪ್ಪಿಗೆ ಎಂದು ಹೇಳಿದರು. ಬಕ್ರೀದ್ ವಿಷಯವನ್ನೂ ಮುಚ್ಚಿಡದೆ ತಿಳಿಸಿದರು. ಅವರು ಭಾನುವಾರದವರೆಗೆ ಸಮಯ ಕೇಳಿದ್ದಾರೆ, ಊರಿನಲ್ಲಿ ಅಣ್ಣನ ಹತ್ತಿರ ಮಾತನಾಡಬೇಕಂತೆ. ಅವರಿಗೂ ಅವರ ಕಡೆಯ ಹಿರಿಯರು ಇದ್ದಾರೆ ಎಂದು ನನಗೆ ಹೊಳೆದದ್ದು ಆಗಲೇ.

ಬೋರ್ಡ್ ಇನ್ನೂ ಬಾಗಿಲಲ್ಲೇ ಇದೆ. ನಿನ್ನೆ ಇನ್ನಿಬ್ಬರು ಬಂದು ಕೇಳಿದಾಗ ಅಬ್ಬಾ ‘ಸೋಮವಾರ ಬನ್ನಿ’ ಎಂದರು. ಆ ತಾಯಿ ಮನೆ ನೋಡಲು ಬಂದ ದಿನ ಮೇಲೆ ಒಂದು ತುಳಸಿ ಕುಂಡ ಇಡಬಹುದಾ ಎಂದು ಕೇಳಿದ್ದರು. ಇವತ್ತು ಬೆಳಿಗ್ಗೆ ದಾದಿ ತಮ್ಮನನ್ನು ಕರೆದು, ಟ್ಯಾಂಕಿನ ಪಕ್ಕ ಬಿಸಿಲು ಬೀಳುವ ಜಾಗದಲ್ಲಿದ್ದ ಹಳೆ ಡ್ರಮ್ಮುಗಳನ್ನು ಆಚೆ ಸರಿಸಲು ಹೇಳಿದರು.